ಬೈಲಕುಪ್ಪೆ: ಕ್ಯಾಂಪಿನ ಮಕ್ಕಳು, ಊರಿನ ಮಕ್ಕಳು, ಹಾಡಿಯ ಮಕ್ಕಳು. ಭಾನುವಾರದ ಕಲಿಕೆಯನ್ನು ಹೇಗೆ ಸರಿ ಮಾಡುವುದು?

ಪಿರಿಯಾಪಟ್ಟಣದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ನಿಮ್ಮ ಸಲಹೆ ನಿಜವಾಗಿಯೂ ಬೇಕಾಗಿದೆ.

ನಾನು ಬೈಲಕುಪ್ಪೆ ಪಕ್ಕದ ಹಳ್ಳಿಯವಳು. ಅಪ್ಪನದು ದಿನಸಿ ಅಂಗಡಿ. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಇಲ್ಲಿನ ನಿರಾಶ್ರಿತರ ಕ್ಯಾಂಪಿನ ಟಿಬೆಟನ್ನರು. ಒಂದು ಕೈಯಲ್ಲಿ ಜಪಮಣಿ ಎಣಿಸುತ್ತಾ ಇನ್ನೊಂದು ಕೈಯಲ್ಲಿ ಅಕ್ಕಿ ಮುಟ್ಟಿ ನೋಡುವ ಅಜ್ಜಿಯರು ಅಪ್ಪನ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದರು. ಆದರೆ ಅವರ ಮೊಮ್ಮಕ್ಕಳ ಜೊತೆ ಚಿಕ್ಕಂದಿನಲ್ಲಿ ನಾನು ಒಂದು ದಿನವೂ ಆಡಲಿಲ್ಲ. ಅವರ ಶಾಲೆ ಕ್ಯಾಂಪಿನೊಳಗೆ, ನಮ್ಮ ಶಾಲೆ ಊರಲ್ಲಿ. 1960ರ ಹೊತ್ತಿಗೆ ಮೈಸೂರು ಸರ್ಕಾರ ಇಲ್ಲಿ ಸುಮಾರು 3 ಸಾವಿರ ಎಕರೆ ಕೊಟ್ಟು ಅವರಿಗೆ ನೆಲೆ ಮಾಡಿಕೊಟ್ಟಿತು. ಮೂರು ತಲೆಮಾರು ಆಯ್ತು. ದೊಡ್ಡವರು ವ್ಯಾಪಾರ, ಜೋಳದ ಹೊಲ ಅಂತ ದಿನಾ ಮಾತಾಡುತ್ತಾರೆ. ಮಕ್ಕಳಿಗೆ ಮಾತ್ರ ಒಬ್ಬರಿಗೊಬ್ಬರ ಹೆಸರು ಗೊತ್ತಿಲ್ಲ.

ಬಿ.ಎಡ್. ಮುಗಿಸಿ ಊರಿಗೆ ಬಂದ ಮೇಲೆ ಇದು ನನ್ನನ್ನು ಕಾಡತೊಡಗಿತು. ಎಂಟು ತಿಂಗಳ ಹಿಂದೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಭಾನುವಾರ ಬೆಳಿಗ್ಗೆ ಎರಡೂವರೆ ಗಂಟೆ ಹೊತ್ತಿಗೆ ಸಾಕಾಗುವಂತೆ ಜಾಗ ಕೇಳಿದೆ. ಕೊಟ್ಟರು. 2020ರಲ್ಲಿ ಮಕ್ಕಳ ಓದಿಗಾಗಿ ಬಂದ 'ಓದುವ ಬೆಳಕು' ಕಾರ್ಯಕ್ರಮದ ಕಾಲದಿಂದ ಅಲ್ಲಿ ಮಕ್ಕಳ ಪುಸ್ತಕಗಳಿದ್ದವು. ಕಥೆ ಓದುವುದು, ಚಿತ್ರ ಬರೆಯುವುದು, ಸ್ವಲ್ಪ ಲೆಕ್ಕ, ಆಮೇಲೆ ಆಟ. ಶುರುವಿನಲ್ಲಿ 31 ಮಕ್ಕಳು ಬಂದರು. ಈಗ 14.

ನನ್ನ ಕಷ್ಟಗಳು ಇವು. ಕ್ಯಾಂಪಿನ ಮಕ್ಕಳು ಒಂದು ಗೋಡೆಗೆ, ಊರಿನ ಮಕ್ಕಳು ಎದುರು ಗೋಡೆಗೆ ಒರಗಿ ಕೂರುತ್ತಾರೆ. ನಾನು ಕನ್ನಡದಲ್ಲಿ ಕಥೆ ಹೇಳಿದರೆ ಕ್ಯಾಂಪಿನ ಮಕ್ಕಳು ಕಿಟಕಿ ನೋಡುತ್ತಾರೆ. ಇಂಗ್ಲಿಷ್‌ಗೆ ಹೋದರೆ ಊರಿನ ಮಕ್ಕಳು ತಲೆ ಬಗ್ಗಿಸುತ್ತಾರೆ. ಜೇನುಕುರುಬರ ಹಾಡಿಯಿಂದ, ಅಂದರೆ ಕಾಡಂಚಿನ ಬುಡಕಟ್ಟು ಜನರ ಊರಿನಿಂದ, ಐದು ಮಕ್ಕಳು ಬಂದಿದ್ದರು. ಎರಡೇ ವಾರ. ಆಮೇಲೆ ಇಲ್ಲ. ಹೊಗೆಸೊಪ್ಪನ್ನು ಬ್ಯಾರನ್ ಮನೆಗಳಲ್ಲಿ ಹದ ಮಾಡುವ ಕಾಲ ಬಂದಾಗ ಊರಿನ ದೊಡ್ಡ ಮಕ್ಕಳೂ ಮಾಯ. ಚಳಿಗಾಲದಲ್ಲಿ ಕ್ಯಾಂಪಿನ ಅಪ್ಪ ಅಮ್ಮಂದಿರು ಸ್ವೆಟರ್ ಮಾರಲು ಬೇರೆ ಬೇರೆ ಊರಿಗೆ ಹೋದಾಗ ಅಲ್ಲಿನ ಮಕ್ಕಳು ಅಜ್ಜಿ ತಾತನ ಜೊತೆ ಇರುತ್ತಾರೆ, ಕರೆತರುವವರು ಇರುವುದಿಲ್ಲ. ಪ್ರತಿ ಸಲ ಯಾರೋ ಒಬ್ಬರು ಹಿಂದೆ ಬಿದ್ದಿರುತ್ತಾರೆ. ನಾನು ಪ್ರತಿ ಸಲ ಮೊದಲಿಂದ ಶುರು ಮಾಡುತ್ತೇನೆ.

ನಿಲ್ಲಿಸಲು ಮನಸ್ಸಿಲ್ಲ. ಹೇಗೆ ಬದಲಾಯಿಸಲಿ?

ಕೋಟೆ ಮೇಷ್ಟ್ರು

ಮಗಳೇ, ನಿನ್ನ ಬರಹವನ್ನು ಎರಡು ಸಲ ಓದಿದೆ. ಕಾರ್ಡು ಹಿಡಿದು ಮಗು ತನ್ನ ವೇಗದಲ್ಲೇ ಕಲಿಯುವ ನಲಿ-ಕಲಿ ಪದ್ಧತಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ನಾನು ಅಲ್ಲಿ ಪಾಠ ಮಾಡುತ್ತಿದ್ದವನು. 1995. ಯುನಿಸೆಫ್ ನೆರವಿತ್ತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ತಾಲ್ಲೂಕಿನ ಮೇಷ್ಟ್ರುಗಳೇ ಕೂತು ಕಾರ್ಡುಗಳನ್ನು ಬರೆದರು. ಆಗ ನಮ್ಮ ಮುಂದಿದ್ದದ್ದೂ ನಿನ್ನ ಕಷ್ಟವೇ. ಒಂದೇ ಕೋಣೆ, ಮೂರು ತರಗತಿ, ಒಬ್ಬ ಮೇಷ್ಟ್ರು. ಕಾಡಂಚಿನ ಮಕ್ಕಳು ಹತ್ತು ದಿನ ಬರುತ್ತಿದ್ದರು, ಇಪ್ಪತ್ತು ದಿನ ಬರುತ್ತಿರಲಿಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ. 'ಎಲ್ಲರೂ ಒಟ್ಟಿಗೆ ಒಂದೇ ಪಾಠ' ಅನ್ನುವುದನ್ನು ಬಿಡು. ಮಗು ತಪ್ಪಿಸಿಕೊಂಡಿತು ಅಂತ ನಮಗೆ ಅನಿಸುವುದು ನಾವು ಎಲ್ಲರನ್ನೂ ಒಂದೇ ಬಸ್ಸಿಗೆ ಹತ್ತಿಸಿದಾಗ. ನಲಿ-ಕಲಿಯಲ್ಲಿ ಬಸ್ಸಿಲ್ಲ, ಏಣಿ ಇದೆ. ಕಲಿಕಾ ಏಣಿ ಗೋಡೆಯ ಮೇಲಿರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಒಂದು ಕಾರ್ಡು. ಮಗು ತಿಂಗಳು ಬಿಟ್ಟು ಬಂದರೂ ತಾನು ನಿಂತಿದ್ದ ಮೆಟ್ಟಿಲು ಹುಡುಕಿ ಆ ಕಾರ್ಡು ತೆಗೆದುಕೊಂಡು ಕೂರುತ್ತದೆ. ಯಾರಿಗೂ ಅವಮಾನವಿಲ್ಲ. ಮೇಷ್ಟ್ರ ಸಹಾಯ ಪೂರ್ತಿ ಬೇಕಾದವರು ಒಂದು ತಟ್ಟೆಯಲ್ಲಿ (ಗುಂಪಿಗೆ ನಾವು ತಟ್ಟೆ ಅನ್ನುತ್ತಿದ್ದೆವು), ಗೆಳೆಯರ ಸಹಾಯ ಸಾಕಾದವರು ಇನ್ನೊಂದರಲ್ಲಿ, ತಾವೇ ಮಾಡಿಕೊಳ್ಳುವವರು ಮತ್ತೊಂದರಲ್ಲಿ. ಗೆಳೆಯರ ತಟ್ಟೆಯಲ್ಲಿ ಕ್ಯಾಂಪಿನದೊಂದು, ಊರಿನದೊಂದು ಮಗುವನ್ನು ಜೊತೆ ಮಾಡು. ಗೋಡೆಗೆ ಒರಗುವುದು ತಾನೇ ನಿಲ್ಲುತ್ತದೆ.

ಬ್ಯಾರನ್ ಕಾಲವನ್ನಾಗಲಿ, ಸ್ವೆಟರ್ ಕಾಲವನ್ನಾಗಲಿ ನಿಲ್ಲಿಸಲು ನಿನ್ನಿಂದ ಆಗುವುದಿಲ್ಲ. ಅದು ಹೊಟ್ಟೆಯ ವಿಷಯ. ಅದಕ್ಕೆ ಹೊಂದುವ ಕಲಿಕೆ ಮಾಡಬೇಕು. 2009ರ ನಂತರ ನಲಿ-ಕಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಬಂತು. ನಿಮ್ಮೂರ ಶಾಲೆಯಲ್ಲೂ ಹಳೆಯ ಕಾರ್ಡುಗಳು ಪೆಟ್ಟಿಗೆಯಲ್ಲಿ ಇರಬಹುದು. ಮುಖ್ಯೋಪಾಧ್ಯಾಯರನ್ನು ಕೇಳು.

ಹುಣಸೂರು ಕಡೆಯ ರೈತ

ಮೇಡಂ, ಬೇಜಾರು ಮಾಡ್ಕೋಬೇಡಿ. ನಮ್ಮ ಪಕ್ಕದ ಶಾಲೆಯಲ್ಲಿ ಈಗ 9 ಮಕ್ಕಳಿದ್ದಾರೆ. ಮುಂದಿನ ವರ್ಷ ಬೀಗ ಹಾಕುತ್ತಾರೆ ಅಂತ ಮಾತಿದೆ. ಕ್ಯಾಂಪಿನಲ್ಲಿ ಒಳ್ಳೆ ಕಟ್ಟಡಗಳಿವೆ, ಹೊರಗಿನ ದೇಶದಿಂದ ದೇಣಿಗೆ ಬರುತ್ತದೆ. ನಮ್ಮ ಮಕ್ಕಳಿಗೆ ಯಾರು ಕೊಡುತ್ತಾರೆ? ನಿಮ್ಮಂಥ ಓದಿದವರು ಮೊದಲು ಊರಿನ ಮಕ್ಕಳನ್ನು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಟಿಬೆಟನ್ನರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಜೋಳ ಕೊಳ್ಳುವವರಲ್ಲಿ ಅವರೂ ಇದ್ದಾರೆ.

ಪಿರಿಯಾಪಟ್ಟಣದವಳು

ಅಣ್ಣ, ಬೇಜಾರಿಲ್ಲ. ನಮ್ಮ ಅಪ್ಪನೂ ಮೊದಲು ಇದನ್ನೇ ಕೇಳಿದರು. ನನ್ನ ಕೋಣೆಗೆ ಬರುವವರಲ್ಲಿ ಊರಿನ ಮಕ್ಕಳೇ ಜಾಸ್ತಿ. ಇನ್ನೊಂದು ವಿಷಯ ನಿಮಗೆ ಗೊತ್ತಿರಬಹುದು. ಕ್ಯಾಂಪಿನ ಶಾಲೆಗಳಲ್ಲೂ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ತುಂಬಾ ಕುಟುಂಬಗಳು ವಿದೇಶಕ್ಕೆ ಹೋಗುತ್ತಿವೆ. ನಿಮ್ಮೂರಲ್ಲಿ 9 ಮಕ್ಕಳ ಶಾಲೆ, ಅಲ್ಲಿ ಖಾಲಿ ಬೆಂಚು. ಎರಡೂ ಕಡೆ ಉಳಿದ ಮಕ್ಕಳಿಗೆ ಜೊತೆಗಾರರು ಬೇಕು ಅಲ್ವಾ? ನಿಮ್ಮ ಶಾಲೆ ಉಳಿಸುವುದಕ್ಕೆ ನೀವು ಬರೆಯುವ ಅರ್ಜಿಗೆ ಸಹಿ ಹಾಕುತ್ತೇನೆ, ಓಡಾಡುತ್ತೇನೆ. ಅದಕ್ಕಾಗಿ ಭಾನುವಾರದ ಕೋಣೆಯಲ್ಲಿ ಕ್ಯಾಂಪಿನ ಮಕ್ಕಳಿಗೆ ಬಾಗಿಲು ಹಾಕಲಾರೆ.

ಕಾಕ್ಸ್ ಬಜಾರಿನಲ್ಲಿ ಇದ್ದವನು

ಹುಣಸೂರಿನವರ ಪ್ರಶ್ನೆಯನ್ನು ಸುಲಭಕ್ಕೆ ಬಿಡಬೇಡಿ. ನಾನು ಬೆಳಗಾವಿಯವನು. ಬಾಂಗ್ಲಾದೇಶದ ಕಾಕ್ಸ್ ಬಜಾರಿನ ರೋಹಿಂಗ್ಯಾ ಶಿಬಿರಗಳಲ್ಲಿ ಎರಡು ವರ್ಷ ಕಲಿಕಾ ಸಾಮಗ್ರಿಯ ಕೆಲಸ ಮಾಡಿದ್ದೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

2017ರ ಆಗಸ್ಟ್‌ನಿಂದ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಮ್ಯಾನ್ಮಾರ್‌ನಿಂದ ಓಡಿ ಬಂದರು. ಉಖಿಯಾ, ಟೆಕ್ನಾಫ್ ಅನ್ನುವ ಎರಡು ಉಪಜಿಲ್ಲೆಗಳ ಗುಡ್ಡಗಳ ಮೇಲೆ ಬಿದಿರು, ಟಾರ್ಪಾಲಿನ ಗುಡಿಸಲು. ಮಕ್ಕಳಿಗಾಗಿ ಕಟ್ಟಿದ್ದಕ್ಕೆ 'ಶಾಲೆ' ಅನ್ನುವ ಹೆಸರಿಲ್ಲ. 'ಕಲಿಕಾ ಕೇಂದ್ರ' ಅಷ್ಟೇ. ಬಾಂಗ್ಲಾದ ಪಠ್ಯ ಕಲಿಸಲು ಅಲ್ಲಿನ ಸರ್ಕಾರ ಬಿಡಲಿಲ್ಲ. ಅವರು ವಾಪಸ್ ಹೋಗಬೇಕಾದವರು ಅನ್ನುವುದು ಸರ್ಕಾರದ ನಿಲುವು. ಹಾಗಾಗಿ ಬರ್ಮೀಸ್, ಇಂಗ್ಲಿಷ್, ಲೆಕ್ಕ. ಬಿದಿರಿನ ಒಂದು ಕೋಣೆ, ದಿನಕ್ಕೆ ಎರಡು ಮೂರು ಪಾಳಿ, ಪ್ರತಿ ಪಾಳಿ ಎರಡು ಗಂಟೆ ಸುಮಾರು. ಮ್ಯಾನ್ಮಾರ್ ಪಠ್ಯವನ್ನು ತರಗತಿವಾರು ಕಲಿಸುವ ಪ್ರಯೋಗ ಶುರುವಾಗಲು 2021ರ ಕೊನೆಯವರೆಗೆ ಕಾಯಬೇಕಾಯಿತು.

ಆ ಕೋಣೆಯಲ್ಲಿ ನನಗೆ ಇಷ್ಟವಾದದ್ದು ಒಂದೇ. ಇಬ್ಬರು ಶಿಕ್ಷಕರು. ಒಬ್ಬರು ರೋಹಿಂಗ್ಯಾ, ಒಬ್ಬರು ಆ ಊರಿನ ಬಾಂಗ್ಲಾದವರು. ಊರಿನವರ ಮನೆಮಾತು ಚಟಗಾಂವ್ ಕಡೆಯ ಮಾತು, ಅದು ರೋಹಿಂಗ್ಯಾ ಮಾತಿಗೆ ಬಹಳ ಹತ್ತಿರ. ಪುಸ್ತಕದ ಭಾಷೆ ಮಗುವಿಗೆ ಅರ್ಥವಾಗದಿದ್ದಾಗ ಇಬ್ಬರೂ ಮನೆಮಾತಿಗೆ ಇಳಿಯುತ್ತಿದ್ದರು. ಮಗುವಿನ ಮುಖ ಅರಳುವುದು ಆಗಲೇ. ದೊಡ್ಡ ಹುಡುಗಿಯರನ್ನು ಮನೆಯವರು ಕಳಿಸುವುದೇ ನಿಲ್ಲಿಸುತ್ತಿದ್ದರು. ಹುಡುಗಿಯರಿಗೇ ಬೇರೆ ಪಾಳಿ, ಹೆಣ್ಣು ಶಿಕ್ಷಕಿ ಅಂದ ಮೇಲೆ ಕೆಲವರು ಮತ್ತೆ ಬಂದರು.

ಆದರೆ ಶಿಬಿರದ ಹೊರಗೆ ಏನಾಯಿತು ಗೊತ್ತಾ? ಸಂಬಳ ಹೆಚ್ಚು ಅಂತ ಉಖಿಯಾದ ಊರ ಶಾಲೆಗಳ ಶಿಕ್ಷಕರು, ಕಾಲೇಜು ಹುಡುಗರು ಸಂಸ್ಥೆಗಳ ಕೆಲಸಕ್ಕೆ ಹೋದರು. ಊರ ಮಕ್ಕಳ ತರಗತಿ ಬಡವಾಯಿತು. 'ಅವರಿಗೆ ಎಲ್ಲ, ನಮಗೆ ಏನೂ ಇಲ್ಲ' ಅನ್ನುವ ಮಾತು ಹುಟ್ಟಿದ್ದು ಸುಳ್ಳಿನಿಂದ ಅಲ್ಲ. ಆಮೇಲೆ 2025ರ ಜೂನ್‌ನಲ್ಲಿ ದೇಣಿಗೆ ಕುಸಿದಾಗ ಮೊದಲು ಕೆಲಸ ಹೋದದ್ದು ಕೂಡ ಊರಿನ ಶಿಕ್ಷಕರಿಗೇ. ಸಾವಿರಕ್ಕೂ ಹೆಚ್ಚು ಮಂದಿ. ಎರಡೂ ಸಮುದಾಯವನ್ನು ಹಿಡಿದಿದ್ದ ಆ ಇಬ್ಬರು ಶಿಕ್ಷಕರ ಜೋಡಿ ಮುರಿದುಬಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಿಮಗೆ ನನ್ನ ಸಲಹೆ: ನೀವು ಒಬ್ಬರೇ ನಡೆಸಬೇಡಿ. ಕ್ಯಾಂಪಿನಿಂದ ಒಬ್ಬರು, ಹಾಡಿಯಿಂದ ಒಬ್ಬರು ನಿಮ್ಮ ಪಕ್ಕದಲ್ಲಿ ಸಮಸಮವಾಗಿ ನಿಲ್ಲಬೇಕು. ಸಹಾಯಕರಾಗಿ ಅಲ್ಲ, ಕಲಿಸುವವರಾಗಿ.

ಕಂಪಾಲದಿಂದ

ಉಗಾಂಡದ ಮಾತು ಚಿಕ್ಕದಾಗಿ ಸೇರಿಸುತ್ತೇನೆ. ಇಲ್ಲಿ ದಕ್ಷಿಣ ಸುಡಾನ್, ಕಾಂಗೋದಿಂದ ಬಂದವರ ಮಕ್ಕಳು ಊರಿನ ಮಕ್ಕಳ ಜೊತೆ ಅದೇ ಶಾಲೆಯಲ್ಲಿ ಕೂರುತ್ತಾರೆ. ನಿರಾಶ್ರಿತರಿಗೆ ಅಂತ ಬರುವ ನೆರವಿನಲ್ಲಿ ನೂರಕ್ಕೆ 30 ಭಾಗ ಸುತ್ತಲಿನ ಊರಿಗೂ ಹೋಗಬೇಕು ಅನ್ನುವ ನಿಯಮ ಇಟ್ಟುಕೊಂಡಿದ್ದಾರೆ. ಶಾಲೆ ತಪ್ಪಿದ ದೊಡ್ಡ ಮಕ್ಕಳಿಗೆ 7 ವರ್ಷದ ಪ್ರಾಥಮಿಕ ಪಾಠವನ್ನು 3 ಹಂತದಲ್ಲಿ ಮುಗಿಸುವ ವ್ಯವಸ್ಥೆಯೂ ಇದೆ. ಕೋಣೆಗಳು ತುಂಬಿ ತುಳುಕುತ್ತವೆ, ಕಷ್ಟ ಬೇಕಾದಷ್ಟಿದೆ. ಆದರೂ ಬೋರ್‌ವೆಲ್ ಹಾಕಿದರೆ ಇಬ್ಬರಿಗೂ ನೀರು, ಕೋಣೆ ಕಟ್ಟಿದರೆ ಇಬ್ಬರಿಗೂ ನೆರಳು. ಹುಣಸೂರಿನವರು ಕೇಳಿದ ಪ್ರಶ್ನೆಗೆ ಇದು ಒಂದು ಉತ್ತರ ಅಂತ ನನಗನಿಸುತ್ತದೆ.

ನಾಲ್ಕನೇ ಕ್ಯಾಂಪ್

ನಾನು ಟಿಬೆಟನ್. ಹುಟ್ಟಿದ್ದು, ಬೆಳೆದಿದ್ದು ಬೈಲಕುಪ್ಪೆಯಲ್ಲೇ. ಕನ್ನಡ ಕಲಿತದ್ದು ಶಾಲೆಯಲ್ಲಿ ಅಲ್ಲ, ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಮತ್ತು ಕ್ರಿಕೆಟ್ ಆಡುವಾಗ. ತಪ್ಪಿದ್ದರೆ ಕ್ಷಮಿಸಿ.

ಅಕ್ಕ, ನಮ್ಮ ಮನೆಗಳಲ್ಲಿ ಹಿರಿಯರಿಗೆ ಒಂದು ಭಯ ಇದೆ. ದೇಶ ಕಳೆದುಕೊಂಡೆವು, ಭಾಷೆಯೂ ಹೋದರೆ ಏನು ಉಳಿಯುತ್ತದೆ ಅಂತ. ಅದಕ್ಕೇ ನಮ್ಮ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಟಿಬೆಟನ್‌ನಲ್ಲೇ ಪಾಠ. ನೀವು 'ಕನ್ನಡ ಕಲಿಸುತ್ತೇನೆ' ಅಂತ ಬಂದಾಗ ನನ್ನ ಮೊಮೊ-ಲಾ, ಅಂದರೆ ಅಜ್ಜಿ, ಮುಖದ ಮೇಲೆ ಬೇಡ ಅನ್ನಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ನನ್ನ ತಮ್ಮನಿಗೆ ಬೇರೆ ಕೆಲಸ ಕೊಟ್ಟುಬಿಟ್ಟರು. ನಿಮಗೆ ಮಕ್ಕಳು ಬರಲಿಲ್ಲ ಅಂತ ಮಾತ್ರ ಕಂಡಿತು.

ಒಂದು ಉಪಾಯ ಹೇಳುತ್ತೇನೆ. ನಮ್ಮ ಅಕ್ಷರಗಳು ನಿಮ್ಮ ಅಕ್ಷರಗಳ ದಾಯಾದಿಗಳು. ಏಳನೇ ಶತಮಾನದಲ್ಲಿ ಥೊನ್ಮಿ ಸಂಭೋಟ ಭಾರತಕ್ಕೆ ಬಂದು ಕಲಿತು ನಮ್ಮ ಲಿಪಿ ಮಾಡಿದರು ಅಂತ ನಾವು ನಂಬುತ್ತೇವೆ. ನೀವು ಕ ಖ ಗ ಘ ಙ ಅನ್ನುತ್ತೀರಿ. ನಾವು ಕ ಖ ಗ ಙ ಅನ್ನುತ್ತೇವೆ. ಘ ಇಲ್ಲ. ಚ ಛ ಜ ಞ. ತ ಥ ದ ನ. ಪ ಫ ಬ ಮ. ಒಟ್ಟು 30 ಅಕ್ಷರ. ಇನ್ನೊಂದು ಇದೆ. ನಿಮ್ಮ ಪುಸ್ತಕದಲ್ಲಿ ಙ ಸುಮ್ನೆ ಕೂತಿರುತ್ತದೆ, ಅದಕ್ಕೆ ಕೆಲಸವೇ ಇಲ್ಲ. ನಮ್ಮಲ್ಲಿ 'ಙ' ಅಂದರೆ 'ನಾನು'. ಸ್ವಲ್ಪ ಬೇರೆ ಧ್ವನಿಯಲ್ಲಿ ಹೇಳಿದರೆ 'ಐದು'.

ಮೊಮೊ-ಲಾಗೆ ಹೋಗಿ 'ನಿಮ್ಮ ಮೊಮ್ಮಗ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಬೇಕು' ಅಂತ ಕೇಳಿ. ಕಳಿಸುತ್ತಾರೆ. ಅವರೇ ಬಂದರೂ ಆಶ್ಚರ್ಯವಿಲ್ಲ. ಸ್ವೆಟರ್ ಕಾಲದಲ್ಲಿ ಮಕ್ಕಳನ್ನು ಕರೆತರುವ ಕೆಲಸ ನನಗೆ ಬಿಡಿ.

ಪಿರಿಯಾಪಟ್ಟಣದವಳು

ಇದನ್ನು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ನಾನು ಅವರ ಮನೆಗೆ ಹೋಗಿ 'ಇಲ್ಲೇ ಇರಬೇಕಾದವರು, ಮಕ್ಕಳಿಗೆ ಕನ್ನಡ ಬರಬೇಕಲ್ವಾ ಅಜ್ಜಿ' ಅಂದಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವರಿಗೆ ಅದು ಹೇಗೆ ಕೇಳಿಸಿತು ಅಂತ ಈಗ ಗೊತ್ತಾಯಿತು. ನಿಮ್ಮ ಮೊಮೊ-ಲಾ ಹತ್ತಿರ ಈ ವಾರವೇ ಬರುತ್ತೇನೆ.

ಹಾಡಿಯ ಹುಡುಗ

ಎಲ್ಲರೂ ಕ್ಯಾಂಪು, ಊರು ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಮಕ್ಕಳು ಎರಡು ವಾರಕ್ಕೆ ಯಾಕೆ ನಿಲ್ಲಿಸಿದರು ಅಂತ ಯಾರಾದರೂ ಹಾಡಿಗೆ ಹೋಗಿ ಕೇಳಿದಿರಾ?

ನಾನು ಜೇನುಕುರುಬ. ಆಶ್ರಮ ಶಾಲೆಯಲ್ಲಿ, ಅಂದರೆ ಬುಡಕಟ್ಟು ಮಕ್ಕಳ ಸರ್ಕಾರಿ ವಸತಿ ಶಾಲೆಯಲ್ಲಿ, ಓದಿದವನು. ಮೊದಲ ವರ್ಷ ಪುಸ್ತಕದ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಡುವುದು ಜೇನುನುಡಿ. ನಾನು ಬಾಯಿ ಬಿಟ್ಟರೆ ಮಕ್ಕಳು ನಗುತ್ತಿದ್ದರು. ಒಬ್ಬ ಶಿಕ್ಷಕರೂ ನಕ್ಕರು. ಅದಾದ ಮೇಲೆ ಎರಡು ವರ್ಷ ತರಗತಿಯಲ್ಲಿ ನಾನು ಒಂದು ಪ್ರಶ್ನೆಗೂ ಉತ್ತರ ಹೇಳಲಿಲ್ಲ. ಎಲ್ಲ ದಾಖಲೆಯಲ್ಲೂ ನಾವು ಕನ್ನಡದ ಮಕ್ಕಳು. ಹಾಗಾಗಿ ನಮಗೆ ಭಾಷೆಯ ಕಷ್ಟ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಟಿಬೆಟಿನ ಮಗುವಿಗೆ ಕನ್ನಡ ಬಾರದಿದ್ದರೆ 'ಪಾಪ, ಬೇರೆ ಭಾಷೆ' ಅನ್ನುತ್ತೀರಿ. ನಮ್ಮ ಮಗುವಿಗೆ ಬಾರದಿದ್ದರೆ 'ದಡ್ಡ' ಅನ್ನುತ್ತೀರಿ.

ಕಾಡಿನಿಂದ ಹೊರಗೆ ಬಂದು ನಿಂತವರು ನಾವು. ನಮ್ಮ ಜಾಗದಿಂದ ಎತ್ತಿ ಹಾಕಿಸಿಕೊಂಡವರ ಸಂಕಟ ನಮಗೂ ಗೊತ್ತು, ಕ್ಯಾಂಪಿನ ಅಜ್ಜಿಗೂ ಗೊತ್ತು. ಆದರೂ ಆ ಕೋಣೆಗೆ ಬರಲು ನಮ್ಮ ಮಕ್ಕಳಿಗೆ ಧೈರ್ಯ ಬರಲಿಲ್ಲ. ಯಾಕಂದರೆ ಆ ಕೋಣೆಯಲ್ಲಿ ಅವರಿಗೆ ಗೊತ್ತಿರುವುದು ಒಂದೂ ಇರಲಿಲ್ಲ. ಅವರಿಗೆ ಏನು ಗೊತ್ತು ಅಂತ ಕೇಳಿ ನೋಡಿ. ಹೆಜ್ಜೇನು, ತುಡುವೆ, ಕೋಲುಜೇನು, ಯಾವುದು ಎಲ್ಲಿ ಕಟ್ಟುತ್ತದೆ, ಯಾವ ಹೂವಿನ ಕಾಲದಲ್ಲಿ ತುಪ್ಪದ ಬಣ್ಣ ಹೇಗಿರುತ್ತದೆ, ಎಂಟು ವರ್ಷದ ಮಗು ಹೇಳುತ್ತದೆ. ಇದು ವಿಜ್ಞಾನ ಅಲ್ಲವಾ?

ಒಂದು ಭಾನುವಾರ ನೀವೇ ಹಾಡಿಗೆ ಬನ್ನಿ. ಎಲ್ಲ ಮಕ್ಕಳನ್ನೂ ಕರೆದುಕೊಂಡು.

ಕೋಟೆ ಮೇಷ್ಟ್ರು

ಈ ಹುಡುಗ ಹೇಳಿದ್ದು ನನಗೆ ತಾಗಿತು. ನಾನೂ ಶುರುವಿನ ವರ್ಷಗಳಲ್ಲಿ ಹಾಡಿಯ ಮಕ್ಕಳ ಮಾತನ್ನು 'ತಿದ್ದಿದವನೇ'. ತಿದ್ದಿದಷ್ಟೂ ಅವರು ಮೌನವಾದರು. ಆಮೇಲೆ ಕಲಿತದ್ದು: ಮೊದಲು ಮಗು ತನ್ನ ಮಾತಲ್ಲಿ ಹೇಳಲಿ, ನಾವು ಅದನ್ನೇ ಬರೆಯೋಣ, ಪುಸ್ತಕದ ಪದ ಅದರ ಪಕ್ಕ ಬರಲಿ. ಮಗಳೇ, ನಿನ್ನ ಏಣಿಯ ಕಾರ್ಡುಗಳಲ್ಲಿ ಒಂದು ಚಿತ್ರಕ್ಕೆ ಮೂರು ಹೆಸರು ಬರೆಸು. ಕನ್ನಡ, ಜೇನುನುಡಿ, ಟಿಬೆಟನ್. ಜೇನುನುಡಿಯನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು. ಮಕ್ಕಳೇ ಬರೆಯಲಿ. ಅಂಗಡಿಯಿಂದ ಕೊಂಡ ಚಾರ್ಟಿಗಿಂತ ಅದು ನೂರು ಪಾಲು ಮೇಲು.

ಮುಂಡಗೋಡಿಂದ

ನಮ್ಮ ಕಡೆಯೂ ಇದೇ ಕಥೆ ರೀ. 1966ರಿಂದ ಟಿಬೆಟನ್ ಕಾಲೋನಿ ಇದೆ. ಸುತ್ತ ಎಮ್ಮೆ ಸಾಕುವ ಗೌಳಿಗರ ದೊಡ್ಡಿಗಳು, ಆಫ್ರಿಕಾ ಮೂಲದ ಸಿದ್ದಿಗಳ ಮನೆಗಳು. 'ಸ್ಥಳೀಯರು' ಅಂತ ಒಂದೇ ಪದದಲ್ಲಿ ಹೇಳಿದರೆ ಇವರೆಲ್ಲ ಕಳೆದುಹೋಗುತ್ತಾರೆ. ನಾವು ಎರಡು ಬೇಸಿಗೆ ಶಿಬಿರ ಮಾಡಿದೆವು. ಮೊದಲನೆಯದರಲ್ಲಿ ಭಾಷಣ, ಬಹುಮಾನ, ಫೋಟೋ. ಮಕ್ಕಳು ಒಬ್ಬರ ಜೊತೆ ಒಬ್ಬರು ಮಾತಾಡಲಿಲ್ಲ. ಎರಡನೆಯದರಲ್ಲಿ ಲಗೋರಿ, ಕುಂಟೆಬಿಲ್ಲೆ, ಫುಟ್‌ಬಾಲ್, ಒಟ್ಟಿಗೆ ಅಡುಗೆ. ಮೂರನೇ ದಿನಕ್ಕೆ ಜಗಳ ಶುರುವಾಯಿತು. ನಮಗೆ ಸಂತೋಷವಾಯಿತು. ಜಗಳ ಆಡಬೇಕಾದರೆ ಹೆಸರು ಗೊತ್ತಿರಬೇಕಲ್ಲ!

ಎರಡು ಎಚ್ಚರಿಕೆ. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಲಿ, ಅದರಲ್ಲಿ ಒಬ್ಬರು ಹೆಂಗಸು. ಮಕ್ಕಳ ಫೋಟೋಗಳನ್ನು ಎಲ್ಲೂ ಹಾಕಬೇಡಿ, ಅಪ್ಪ ಅಮ್ಮ ಒಪ್ಪಿದರೂ ಹಾಕಬೇಡಿ.

ಕಾನೂನು ಓದುತ್ತಿರುವವಳು

ಒಂದು ಮಾಹಿತಿ. ಶಾಲೆಯನ್ನೇ ಬಿಟ್ಟ ಹಾಡಿಯ ಮಕ್ಕಳು ಸಿಕ್ಕರೆ ಭಾನುವಾರದ ಕೋಣೆಗೆ ಕರೆಯುವುದಷ್ಟಕ್ಕೇ ನಿಲ್ಲಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ 6ರಿಂದ 14 ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಆ ಮಗುವಿಗಿದೆ. ಟಿ.ಸಿ. ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ನಿಮ್ಮ ಕೋಣೆ ಶಾಲೆಗೆ ದಾರಿಯಾಗಲಿ, ಶಾಲೆಯ ಬದಲಿಗೆ ಅದೇ ಆಗಬಾರದು.

ಪಿರಿಯಾಪಟ್ಟಣದವಳು

ಮೂರು ಭಾನುವಾರ ಕಳೆದಿವೆ. ನಡೆದದ್ದನ್ನು ಬರೆಯುತ್ತೇನೆ.

ಮೊದಲ ಭಾನುವಾರ ಮೊಮೊ-ಲಾ ನಿಜವಾಗಿಯೂ ಬಂದರು. ಕುರ್ಚಿ ಬೇಡ ಅಂದು ನೆಲದ ಮೇಲೇ ಕೂತರು. ಮೊಮ್ಮಗ ಬೋರ್ಡಿನ ಮೇಲೆ ಕ ಖ ಗ ಙ ಬರೆದ. ನಮ್ಮೂರ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು 'ಘ ಎಲ್ಲಿ ಹೋಯ್ತು?' ಅಂತ ಕೇಳಿದಳು. ಮೊಮೊ-ಲಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ಎಣಿಕೆ. ಚಿಕ್, ಞಿ, ಸುಮ್, ಶಿ, ಙ. ಹತ್ತಕ್ಕೆ 'ಚು', ನೀರಿಗೆ 'ಛು'. ನಮ್ಮ ಮಕ್ಕಳಿಗೆ ಅಲ್ಪಪ್ರಾಣ, ಮಹಾಪ್ರಾಣ ಅಂತ ನಾನು ಎಷ್ಟು ಸಲ ಹೇಳಿದರೂ ತಲೆಗೆ ಹೋಗಿರಲಿಲ್ಲ. ಹತ್ತು ಲೋಟ ನೀರು ಕೇಳುವ ಆಟದಲ್ಲಿ ಅರ್ಧ ಗಂಟೆಯಲ್ಲಿ ಬಂತು. ತಪ್ಪು ಹೇಳಿದರೆ ಕ್ಯಾಂಪಿನ ಮಕ್ಕಳು ನೀರು ಕೊಡಲಿಲ್ಲ!

ಶಾಲೆಯಿಂದ ಹಳೆಯ ನಲಿ-ಕಲಿ ಕಾರ್ಡುಗಳ ಎರಡು ಪೆಟ್ಟಿಗೆ ಸಿಕ್ಕಿತು. ಕೆಲವನ್ನು ಗೆದ್ದಲು ತಿಂದಿದೆ. ಉಳಿದವುಗಳ ಹಿಂದೆ ಮಕ್ಕಳು ಟಿಬೆಟನ್ ಹೆಸರು ಬರೆಯುತ್ತಿದ್ದಾರೆ. ಏಣಿಯನ್ನು ನಾನೇ ಬರೆದು ಗೋಡೆಗೆ ಹಾಕಿದೆ. ಮೇಷ್ಟ್ರೇ, ಅದರಲ್ಲಿ ಲೆಕ್ಕದ ಮೆಟ್ಟಿಲುಗಳು ಸರಿಯಿಲ್ಲ ಅನಿಸುತ್ತಿದೆ. ಕೂಡುವುದರಿಂದ ಕಳೆಯುವುದಕ್ಕೆ ಹಾರುವಾಗ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಿದ್ದಾರೆ. ನಿಮಗೆ ಫೋಟೋ ಕಳಿಸುತ್ತೇನೆ, ನೋಡಿ ಹೇಳಿ.

ಹಾಡಿಗೆ ಹೋಗಿದ್ದೆ. ಆ ಐದು ಮಕ್ಕಳಲ್ಲಿ ಇಬ್ಬರು ಶಾಲೆಯನ್ನೇ ಬಿಟ್ಟಿದ್ದಾರೆ. ಕಾನೂನಿನ ವಿಷಯ ಬರೆದ ತಂಗಿ, ಅರ್ಜಿ ಬರೆಯಲು ನಿಮ್ಮ ಸಹಾಯ ಬೇಕು. ಉಳಿದ ಮೂವರು ನನ್ನನ್ನು ನೋಡಿ ಮರದ ಹಿಂದೆ ಹೋದರು. ಒಬ್ಬಳ ಅಮ್ಮ ಕಾಫಿ ಕೊಟ್ಟು, 'ನಿಮ್ಮ ಕೋಣೆಯಲ್ಲಿ ಇವಳ ಮಾತಿಗೆ ಯಾರೋ ನಕ್ಕರಂತೆ' ಅಂದರು. ಅದು ನನ್ನ ಕೋಣೆಯಲ್ಲೇ ಆಗಿತ್ತು. ನನ್ನ ಗಮನಕ್ಕೇ ಬಂದಿರಲಿಲ್ಲ. ಮಗುವಿನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವಳು ಏನೂ ಹೇಳಲಿಲ್ಲ. ಹೊರಡುವಾಗ ದೂರದ ಒಂದು ಮರ ತೋರಿಸಿದಳು. ಎತ್ತರದ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿತ್ತು.

ಮುಂದಿನ ಭಾನುವಾರ ಎಲ್ಲರೂ ಹಾಡಿಗೆ ಹೋಗುತ್ತಿದ್ದೇವೆ. ಮರ ತೋರಿಸುವುದು ಅವಳ ಕೆಲಸ. ಕ್ಯಾಂಪಿನ ಹುಡುಗರು ಜೇನುತುಪ್ಪಕ್ಕೆ ಅವರ ಮಾತಿನಲ್ಲಿ 'ಡ್ರಂಗ್‌ತ್ಸಿ' ಅನ್ನುತ್ತಾರಂತೆ, ಅದನ್ನು ಅವಳಿಗೆ ಹೇಳಲು ಈಗಲೇ ಕಾಯುತ್ತಿದ್ದಾರೆ. ಹುಣಸೂರಿನ ಅಣ್ಣ ಮಕ್ಕಳನ್ನು ಕರೆದೊಯ್ಯಲು ತಮ್ಮ ಟ್ರ್ಯಾಕ್ಟರ್ ತರುತ್ತೇನೆ ಅಂದಿದ್ದಾರೆ. ಮಕ್ಕಳನ್ನು ಟ್ರೇಲರಿನಲ್ಲಿ ಕೂರಿಸಲು ನನಗೆ ಭಯ, ಹಾಗಾಗಿ ನಡೆದೇ ಹೋಗೋಣ ಅಂತ ಇದ್ದೇವೆ. ಅಣ್ಣ ಊಟದ ಪಾತ್ರೆ ತಂದರೆ ಸಾಕು. ಮಳೆ ಬಂದರೆ ಹಾಡಿಯ ಅಂಗನವಾಡಿಯಲ್ಲಿ ಕೂರುತ್ತೇವೆ, ಬೀಗದ ಕೈ ಕೇಳಿ ಇಟ್ಟುಕೊಂಡಿದ್ದೇನೆ.